ಅಂಚಿನೊಳಗಿನ ತೂಕ

ಸಿರುಮುಗೈ
೧೨-೨-೨೦೨೫, ಬುಧವಾರ ಬೆಳಿಗ್ಗೆ

ಜನನಿಯ ಅಪ್ಪನಿಗೆ,

ವಿಜಯಕುಮಾರಿಯ ನಮಸ್ಕಾರ. ಇಲ್ಲಿ ನಾನು, ನಿಮ್ಮ ಅಮ್ಮ, ಮಗ್ಗದ ಮೇಲೆ ಅರ್ಧಕ್ಕೆ ನಿಂತ ಒಂದು ಸೀರೆ, ಇಷ್ಟೂ ಜನ ಇದ್ದೇವೆ. ಎಲ್ಲರೂ ಕ್ಷೇಮ ಎಂದು ಬರೆಯುವುದು ವಾಡಿಕೆ. ಈ ಸಲ ಹಾಗೆ ಬರೆಯಲು ಕೈ ಬರಲಿಲ್ಲ, ಅದಕ್ಕೆ ಬಿಟ್ಟಿದ್ದೇನೆ.

ಕಾಗದ ನಿಮಗೆ ಬರೆದದ್ದು, ಓದುವವಳು ಜನನಿ. ಇಪ್ಪತ್ತು ವರ್ಷದ ಮೇಲೆ ನನ್ನ ಜೊತೆ ಸಂಸಾರ ಮಾಡಿ ಕನ್ನಡದ ಒಂದು ಅಕ್ಷರ ಕಲಿಯಲಿಲ್ಲ ನೀವು. ಮನೆಯಲ್ಲಿ ಮಾತೆಲ್ಲ ಕನ್ನಡ, ಕೈಯಲ್ಲಿ ಪೆನ್ನು ಹಿಡಿದರೆ ತಮಿಳು. ನನಗೋ ಕೊಳ್ಳೇಗಾಲದ ಶಾಲೆಯಲ್ಲಿ ಕಲಿತದ್ದು ಬಿಟ್ಟರೆ ಬಸ್ಸಿನ ಬೋರ್ಡು ಓದುವಷ್ಟೇ ತಮಿಳು. ಫೋನು ಮಾಡೋಣವೆಂದರೆ ನಿಮ್ಮ ಕಿವಿಯನ್ನು ಮಿಲ್ಲು ತಿಂದು ಎಷ್ಟೋ ಕಾಲವಾಯಿತು. ನಾನು ಕೂಗುವುದು ನಮ್ಮ ಬೀದಿಗೆಲ್ಲ ಕೇಳುತ್ತದೆ, ನಿಮಗೊಬ್ಬರಿಗೆ ಕೇಳುವುದಿಲ್ಲ. ಪಕ್ಕದ ಮನೆಯವರ ಕೈಲಿ ತಮಿಳಿನಲ್ಲಿ ಬರೆಸಬಹುದಿತ್ತು. ಬರೆಸಿದರೆ ಸಂಜೆಯೊಳಗೆ ಇಲ್ಲಿಯ ಮಗ್ಗಗಳಿಗೆಲ್ಲ ನಮ್ಮ ಮಗಳ ಸಮಾಚಾರ ತಲುಪಿರುತ್ತದೆ. ಆದ್ದರಿಂದ ನನ್ನ ಮಾತು ನಿಮಗೆ ಮುಟ್ಟಬೇಕಾದರೆ ಅವಳ ಬಾಯಿಂದಲೇ ಮುಟ್ಟಬೇಕು.

ಜನನಿ, ಈಗ ನಿನಗೆ ಒಂದು ಮಾತು. ಅಪ್ಪನ ಎಡಗಿವಿಯ ಹತ್ತಿರ ಕೂತು, ಬರೆದದ್ದು ಬರೆದ ಹಾಗೆ ಓದು. ನಿನಗೆ ಕತ್ತರಿಸಿ ಓದುವ ಚಾಳಿ ಇದೆ. ದೀಪಾವಳಿಯ ಮುಂಚೆ ನಾನು ಅಪ್ಪನಿಗೆ ಎರಡು ಪುಟ ಬೈದು ಬರೆದಿದ್ದೆ. ಅವರು ಖುಷಿಯಾಗಿ ವ್ಯಾನಿನ ಕರುಪ್ಪಸಾಮಿಯ ಕೈಲಿ ಮೈಸೂರುಪಾಕು ಕಳಿಸಿದರು. ಅಮ್ಮ ಏನು ಬರೆದಿದ್ದಾಳೆ ಎಂದು ಕೇಳಿದ್ದಕ್ಕೆ, ನಿಮ್ಮನ್ನ ತುಂಬ ನೆನೆಸ್ಕೊತಾಳಂತೆ ಎಂದೆಯಂತಲ್ಲ, ಕಳ್ಳಿ. ಅವತ್ತು ನಕ್ಕು ಸುಮ್ಮನಾದೆ. ಇವತ್ತು ಹಾಗೆ ಮಾಡಿದರೆ ನಗಲಾರೆ.

ಇನ್ನು ನಿಮ್ಮ ವಿಷಯ. ಪೊಂಗಲ್ ದಿನ ಎಲೆ ಬಿಟ್ಟು ಎದ್ದು ಹೋದವರು ಇವತ್ತಿಗೂ ಒಂದು ಮಾತು ಹೇಳಿ ಕಳಿಸಿಲ್ಲ. ನಾನೂ ಕಳಿಸಿಲ್ಲ. ಆ ದಿನ ನಡೆದದ್ದನ್ನು ಮತ್ತೆ ಎತ್ತುವುದು ಜಗಳಕ್ಕಲ್ಲ, ಅದರಲ್ಲಿ ನೀವು ಹೇಳಿದ ಎರಡು ಮಾತು ಈಗ ಬೇಕಾಗಿವೆ. ನಾನು ಮಗಳ ಎಲೆಗೆ ಸಕ್ಕರೆ ಪೊಂಗಲ್ ಬಡಿಸಿ ತುಪ್ಪ ಹಾಕಿದೆ. ಅವಳು ನಿಮ್ಮ ಮುಖ ನೋಡಿದಳು. ರೇಸು ಮುಗೀಲಿ ವಿಜಯಾ, ಆಮೇಲೆ ನೀ ಎಷ್ಟು ಬೇಕಾದ್ರೂ ಉಣ್ಸು, ಎಂದಿರಿ. ಎಲೆ ಸರಿಸಿದವಳು ಅವಳೇ, ನೀವಲ್ಲ. ಅಷ್ಟು ನ್ಯಾಯ ಒಪ್ಪುತ್ತೇನೆ. ಆದರೆ ನನ್ನ ನಾಲಗೆ ಸುಮ್ಮನಿರಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವಂತೆ, ಮಗಳ ಬೆನ್ನಿನ ಮೂಳೆ ಎಣಿಸಬಹುದು, ಅಪ್ಪ ಕೂತು ಸೈಕಲ್ಲಿಗೆ ಶೃಂಗಾರ ಮಾಡುತ್ತಾರೆ, ಎಂದೆ. ಅದಕ್ಕೆ ನೀವು, ಪಾಪ್ಪಾ ತೂಕ ಒಂದು ಗ್ರಾಮೂ ಇಳಿದಿಲ್ಲ, ಗೋಡೆ ಮೇಲೆ ಬರೆದಿಟ್ಟಿದೀನಿ, ಕಣ್ಣಿದ್ರೆ ಬಂದು ನೋಡು, ಎಂದಿರಿ. ಅದು ಒಂದನೇ ಮಾತು. ಶನಿವಾರ ಬಂದರೆ ನೀರಿನ ಕ್ಯಾನು ಅರ್ಧ ಖಾಲಿ ಮಾಡ್ತಾಳೆ, ನಮ್ಮ ವಯಸ್ಸಲ್ಲಿ ನಮಗೆ ಈ ಒಳ್ಳೆ ಅಭ್ಯಾಸ ಇತ್ತಾ, ಎಂದು ಹೆಮ್ಮೆಯಿಂದ ಹೇಳಿದಿರಿ. ಅದು ಎರಡನೆಯದು.

ನಿಮ್ಮ ಕೈ ಕೆಲಸವನ್ನು ನಾನು ಹಳಿಯುತ್ತಿಲ್ಲ. ಮಿಲ್ಲು ಮುಚ್ಚಿದ ಮೇಲೆ ಪೆರಿಯನಾಯಕನಪಾಳ್ಯದಲ್ಲಿ ಪಂಕ್ಚರ್ ಹಾಕುತ್ತ ಕೂತವರು, ಇವತ್ತು ಕೊಯಮತ್ತೂರಿನ ದೊಡ್ಡ ಮನೆಯ ಹುಡುಗರೆಲ್ಲ ಸೈಕಲ್ ತಂದು ನಿಮ್ಮ ಬಾಗಿಲಲ್ಲಿ ನಿಲ್ಲುತ್ತಾರೆ. ಮಗಳಿಗಾಗಿ ಆ ಹಳೆಯ ರೇಸ್ ಸೈಕಲ್ ತಂದ ದಿನ ನನಗೆ ನೆನಪಿದೆ. ಒಂಬತ್ತು ಕಿಲೋ ಇತ್ತು. ಬೆಟ್ಟ ಹತ್ತುವವರಿಗೆ ಒಂದೊಂದು ಗ್ರಾಮೂ ಬೆನ್ನ ಮೇಲೆ ಕೂತ ಹಾಗೆ ಎಂದು ಅವಳ ಕೋಚ್ ಪ್ರಭಾಕರನ್ ಹೇಳಿದ್ದೇ ಹೇಳಿದ್ದು, ನಿಮಗೆ ಅದೇ ಜಪವಾಯಿತು. ಮೊದಲು ಸೀಟಿನ ಕೆಳಗಿದ್ದ ಉಕ್ಕಿನ ಕೊಳವೆ ಹೋಗಿ ಕಾರ್ಬನ್ನಿನದು ಬಂತು. ಆಮೇಲೆ ಚಕ್ರ, ಆಮೇಲೆ ಹ್ಯಾಂಡಲು, ಪೆಡಲು, ಹಿಂದಿನ ಚಕ್ರದ ಹಲ್ಲಿನ ಬಿಲ್ಲೆಗಳು. ಕೊನೆಗೆ ಒಂದೊಂದು ಬೋಲ್ಟನ್ನೂ ಬಿಡಲಿಲ್ಲ, ಉಕ್ಕಿನದು ಬಿಚ್ಚಿ ಟೈಟೇನಿಯಂ ಹಾಕಿದಿರಿ. ಚೈನು ಕೂಡ ತೂತು ತೂತಿನದು ಬಂತು. ಅದನ್ನು ನೋಡಿ ನಿಮ್ಮ ಅಮ್ಮ, ತೂತಿಗೂ ಕಾಸು ಕೊಟ್ನಾ ಇವನು, ಎಂದರು.

ಮಾವನವರು ರೇಷ್ಮೆ ತೂಗುತ್ತಿದ್ದ ತಕ್ಕಡಿಯನ್ನು ನೀವು ವರ್ಕ್‌ಶಾಪಿನ ಮೊಳೆಗೆ ನೇತುಹಾಕಿದಾಗ ನನಗೆ ಸಂತೋಷವೇ ಆಗಿತ್ತು. ಒಂದು ತಟ್ಟೆಯಲ್ಲಿ ತೆಗೆದದ್ದು, ಇನ್ನೊಂದು ತಟ್ಟೆಯಲ್ಲಿ ಹಾಕುವುದು. ಹಳೆಯದು ಕೆಳಕ್ಕೆ ಇಳಿದು ಹೊಸದು ಮೇಲಕ್ಕೆ ಎದ್ದರೆ ಅಪ್ಪ ಮಗಳಿಬ್ಬರೂ ಚಪ್ಪಾಳೆ. ಆಮೇಲೆ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಸೈಕಲ್ಲಿನ ತೂಕ. ಆ ಅಂಕೆ ಇಳಿದಾಗಲೆಲ್ಲ ನಿಮ್ಮ ಮುಖದಲ್ಲಿ ಒಂದು ನಗು ಬರುತ್ತಿತ್ತು. ಮಿಲ್ಲು ಮುಚ್ಚಿದ ಮೇಲೆ ನಾನು ಆ ನಗುವನ್ನು ಕಂಡಿರಲಿಲ್ಲ. ಜನನಿ ಅದನ್ನು ಕಂಡು ಬೆಳೆದಳು.

ಆ ಅಂಕೆಯ ಪಕ್ಕದಲ್ಲೇ ಅವಳ ತೂಕವನ್ನೂ ಬರೆಯಲು ಶುರುಮಾಡಿದಿರಿ. ಪ್ರಭಾಕರನ್ ಒಳ್ಳೆಯ ಮನುಷ್ಯ, ಒಳ್ಳೆಯದಕ್ಕೇ ಹೇಳಿದ. ಸೈಕಲ್ ಎಷ್ಟು ಬೇಕಾದರೂ ಇಳಿಸಿಕೊಳ್ಳಿ ಅಣ್ಣಾ, ಪೊಣ್ಣು ಮಾತ್ರ ನಲವತ್ತೆಂಟಕ್ಕೆ ಕೆಳಗೆ ಇಳಿಯಕ್ಕೂಡಾದು, ಇಳಿದರೆ ನಾನು ರೇಸಿಗೆ ಹೆಸರು ಕೊಡಲ್ಲ, ಎಂದು ನನ್ನ ಎದುರಿಗೇ ಹೇಳಿದ. ಶನಿವಾರ ಶನಿವಾರ ನೂಲಿನ ಮೂಟೆ ತೂಗುವ ಯಂತ್ರದ ಮೇಲೆ ಅವಳನ್ನು ನಿಲ್ಲಿಸಿ ಇಬ್ಬರೂ ನೋಡುತ್ತೀರಿ. ನಲವತ್ತೆಂಟು, ನಲವತ್ತೆಂಟೂವರೆ, ನಲವತ್ತೆಂಟು. ನಿಮಗೂ ನೆಮ್ಮದಿ, ಅವನಿಗೂ ನೆಮ್ಮದಿ. ಯಂತ್ರ ಸುಳ್ಳು ಹೇಳುವುದಿಲ್ಲ ಎಂದು ನೀವು ನಂಬಿದಿರಿ. ರೀ, ನೀವು ನೇಕಾರರ ಮನೆಯಲ್ಲಿ ಹುಟ್ಟಿದವರು. ನಮ್ಮ ಜನ ತಕ್ಕಡಿಯನ್ನು ಯಾವಾಗ ನಂಬಿದ್ದಾರೆ.

ಜನನಿ, ಇಲ್ಲಿಂದ ನಿಧಾನವಾಗಿ ಓದು. ಗಂಟಲು ಒಣಗಿದರೆ ಒಂದು ಲೋಟ ನೀರು ಕುಡಿ, ಒಂದೇ ಲೋಟ. ಕಾಗದ ಮಡಿಸಬೇಡ. ನಾನು ನಿನ್ನ ಪಕ್ಕದಲ್ಲೇ ಕೂತಿದ್ದೇನೆ ಎಂದುಕೋ.

ಸೋಮವಾರ ನೀವು ಕರುಪ್ಪಸಾಮಿಯ ವ್ಯಾನಿನಲ್ಲಿ ಹೊಲಿಗೆಗೆ ಬಟ್ಟೆಯ ಚೀಲ ಕಳಿಸಿದಿರಿ. ಅದರಲ್ಲಿ ಅವಳ ನೀಲಿ ಜಾಕೆಟ್ಟು ಇತ್ತು, ಜಿಪ್ಪು ಕಿತ್ತು ಹೋದದ್ದು, ಶನಿವಾರ ತೂಕಕ್ಕೆ ನಿಲ್ಲುವಾಗಲೂ ಚಳಿ ಎಂದು ಹಾಕಿಕೊಂಡೇ ಇರುತ್ತಾಳಲ್ಲ, ಅದೇ. ಅವಳು ಆ ಹೊತ್ತಿಗೆ ಸೈಕಲ್ ಹೊಡೆಯಲು ಹೋಗಿದ್ದಳಂತೆ. ಮನೆಯಲ್ಲಿದ್ದಿದ್ದರೆ ಕಳಿಸಲು ಬಿಡುತ್ತಿರಲಿಲ್ಲ. ನಾನು ಅದನ್ನು ಚೀಲದಿಂದ ಎತ್ತಿದೆ. ಕೈ ಅಲ್ಲೇ ನಿಂತಿತು. ಒಂದು ಉಂಡೆ ರೇಷ್ಮೆಯನ್ನು ಅಂಗೈಯಲ್ಲಿ ಇಟ್ಟುಕೊಂಡು ಇಷ್ಟೇ ಗ್ರಾಂ ಎಂದು ಹೇಳುವವರು ನೀವು. ಮಗಳ ಜಾಕೆಟ್ಟು ಮಡಿಸಿ ಚೀಲಕ್ಕೆ ಹಾಕುವಾಗ ನಿಮ್ಮ ಕೈ ನಿಮಗೆ ಏನೂ ಹೇಳಲಿಲ್ಲವೇ.

ಸೊಂಟದ ಅಂಚಿಗೆ ಒಳಗಿನಿಂದ ಇನ್ನೊಂದು ಪಟ್ಟಿ ಕೊಟ್ಟು ಹೊಲಿದಿತ್ತು. ಬಿಚ್ಚಿದೆ. ಒಳಗೆ ಹಳೆಯ ಚೈನು, ಗೇಣುದ್ದದ ತುಂಡು ತುಂಡು. ಸದ್ದು ಬಾರದ ಹಾಗೆ ಒಂದೊಂದಕ್ಕೂ ಬಟ್ಟೆ ಸುತ್ತಿತ್ತು. ಹಳೆಯ ಹಲ್ಲಿನ ಬಿಲ್ಲೆಗಳು ಹಿಂದುಗಡೆ, ಬೆನ್ನಿನ ಹತ್ತಿರ. ಉಕ್ಕಿನ ಬೋಲ್ಟುಗಳು ಎರಡೂ ಪಕ್ಕೆಗೆ. ಸೈಕಲ್ಲಿನಿಂದ ನೀವು ಇಳಿಸಿ ಬಿಸ್ಕತ್ತಿನ ಡಬ್ಬಕ್ಕೆ ಹಾಕಿದ್ದೆಲ್ಲ, ಅವಳ ಸೊಂಟದಲ್ಲಿ ಒಡ್ಯಾಣದ ಹಾಗೆ ಸುತ್ತಿಕೊಂಡಿತ್ತು. ಕೈಯಲ್ಲಿ ಹಿಡಿದೇ ಹೇಳುತ್ತೇನೆ, ಒಂದು ಕಿಲೋಗೆ ಮೇಲಿದೆ. ಹೊಲಿಗೆಯ ಕೊನೆಯಲ್ಲಿ ಹಾಕಿದ ಗಂಟು ನಮ್ಮ ಮಗ್ಗದ ಗಂಟು, ಎಳೆ ತುಂಡಾದಾಗ ಹಾಕುವುದು. ಏಳು ವರ್ಷದವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ನಾನೇ ಕಲಿಸಿದ್ದು. ಬೇರೆ ಯಾರೋ ಹೊಲಿದಿರಬಹುದು ಎಂದು ಅಂದುಕೊಳ್ಳುವುದಕ್ಕೂ ಆ ಗಂಟು ಬಿಡಲಿಲ್ಲ.

ನಿಮ್ಮ ಎರಡನೇ ಮಾತು ಆಗ ನೆನಪಾಯಿತು, ಶನಿವಾರದ ನೀರು. ನಮ್ಮ ಕೊಳ್ಳೇಗಾಲದ ಚಿಕ್ಕಪ್ಪನ ಕಥೆಯನ್ನು ನಾನು ಅವಳಿಗೆ ಎಷ್ಟು ಸಲ ಹೇಳಿ ನಗಿಸಿದ್ದೇನೆ. ಮಾಲೀಕರು ರೇಷ್ಮೆಯನ್ನು ತೂಗಿ ಕೊಡುವುದು, ನೇಯ್ದ ಸೀರೆಯನ್ನು ತೂಗಿ ತೆಗೆದುಕೊಳ್ಳುವುದು ನಮ್ಮ ಕಡೆಯ ಪದ್ಧತಿ ತಾನೇ. ಚಿಕ್ಕಪ್ಪ ಒಂದಿಷ್ಟು ಎಳೆ ಉಳಿಸಿಕೊಂಡು, ಸೀರೆಗೆ ರಾತ್ರಿ ನೀರು ಚಿಮುಕಿಸಿ, ಬೆಳಿಗ್ಗೆ ತೂಕ ಸರಿಮಾಡಿಕೊಂಡು ಹೋದನು. ತಕ್ಕಡಿ ಸರಿಯಾಗಿಯೇ ತೋರಿಸಿತು. ಮಾಲೀಕರು ಸೀರೆಯ ಮೇಲೆ ಅಂಗೈ ಇಟ್ಟರು, ಕೆನ್ನೆಗೆ ಒತ್ತಿಕೊಂಡರು. ಇವತ್ತು ಒಣಗಲಿ ಕಣಪ್ಪ, ನಾಳೆ ತೂಗೋಣ, ಎಂದರು. ಈ ಕಥೆ ಕೇಳಿ ಬಿದ್ದು ಬಿದ್ದು ನಗುತ್ತಿದ್ದಳು ಹುಡುಗಿ. ನಗುತ್ತ ನಗುತ್ತ ಕಲಿತಿದ್ದಾಳೆ.

ಕಬ್ಬಿಣ ತುಂಬುವುದನ್ನು ಕಲಿತದ್ದು ನಿಮ್ಮ ಹತ್ತಿರ. ರೇಸಿನವರು ಸೈಕಲ್ಲನ್ನೂ ತೂಗುತ್ತಾರೆ, ಆರು ಕಿಲೋ ಎಂಟುನೂರಕ್ಕೆ ಕಡಿಮೆ ಇದ್ದರೆ ರೇಸಿಗೆ ಬಿಡುವುದಿಲ್ಲ ಎಂದು ಪ್ರಭಾಕರನ್ ಹೇಳಿದಾಗ ನೀವು ಏನು ಮಾಡಿದಿರಿ. ಇಳಿಸಿ ಇಳಿಸಿ ಅದಕ್ಕಿಂತಲೂ ಕೆಳಗೆ ತಂದಿದ್ದಿರಿ. ಹಳೆಯ ಚೈನಿನ ಒಂದು ತುಂಡಿಗೆ ಬಟ್ಟೆ ಸುತ್ತಿ, ಸೀಟಿನ ಕೊಳವೆಯೊಳಗೆ ಇಳಿಸಿ, ತೂಕ ಸರಿಮಾಡಿದಿರಿ. ಟಾರ್ಚು ಹಿಡಿದು ನಿಂತವಳು ಜನನಿ. ನನ್ನ ಹತ್ತಿರ ಬಂದು ಅದನ್ನು ನಕ್ಕು ಹೇಳಿದವಳೂ ಅವಳೇ. ಸೈಕಲ್ಲಿಗೆ ಒಂದು ಮಿತಿ ಇದೆ ಕಣ್ರೀ. ಇದಕ್ಕಿಂತ ಹಗುರವಾದರೆ ರಸ್ತೆಯಲ್ಲಿ ಮುರಿದು ಬಿದ್ದೀತು ಎಂದು ಯಾರೋ ಪುಣ್ಯಾತ್ಮರು ಯೋಚಿಸಿ ಇಟ್ಟಿದ್ದಾರೆ. ನಮ್ಮ ಮಗಳಿಗೂ ಪ್ರಭಾಕರನ್ ಅಂಥದೇ ಒಂದು ಮಿತಿ ಇಟ್ಟ. ಎರಡಕ್ಕೂ ಒಂದೇ ಉಪಾಯವಾಯಿತು. ಕಬ್ಬಿಣ ನಿಮ್ಮಿಂದ, ನೀರು ನನ್ನಿಂದ. ಇಬ್ಬರೂ ಸೇರಿ ಎಷ್ಟು ಚೆನ್ನಾಗಿ ವಿದ್ಯೆ ಕಲಿಸಿದ್ದೇವೆ ನೋಡಿ.

ಚೈನನ್ನೂ ನೀರನ್ನೂ ಕಳೆದರೆ ಅವಳು ಈಗ ಎಷ್ಟಿದ್ದಾಳೆ ಎಂದು ನನಗೆ ಗೊತ್ತಿಲ್ಲ. ನಲವತ್ತೈದೋ, ಅದಕ್ಕೂ ಕಡಿಮೆಯೋ. ಹೆತ್ತವಳಿಗೆ ಇದು ಗೊತ್ತಿರಬೇಕಿತ್ತು.

ಇನ್ನೊಂದು ಇದೆ. ಹೋದ ತಿಂಗಳು ಅವಳು ಮೆಟ್ಟುಪಾಳ್ಯಂ ರಸ್ತೆಯಲ್ಲಿ ಬಿದ್ದು ಮೊಣಕೈ ಕಿತ್ತುಕೊಂಡಳಲ್ಲ, ನಾಯಿ ಅಡ್ಡ ಬಂತು ಎಂದಳು. ನೀವು ನಂಬಿದಿರಿ, ನಾನೂ ನಂಬಿದೆ. ನಿನ್ನೆ ಕರುಪ್ಪಸಾಮಿಯನ್ನು ನಿಲ್ಲಿಸಿ ಕೇಳಿದೆ. ಅವತ್ತು ಅವನ ವ್ಯಾನು ಅವಳ ಹಿಂದೆಯೇ ಬರುತ್ತಿತ್ತು. ಅವನು ತಲೆ ಕೆರೆದುಕೊಂಡು, ನಾಯಿ ಏನೂ ಬರಲಿಲ್ಲ ಅಕ್ಕಾ, ಪಾಪ್ಪಾ ಸುಮ್ನೆ ಹೋಗ್ತಾ ಇದ್ದದ್ದು ಹಾಗೇ ವಾಲಿ ಬಿದ್ದೋಯ್ತು, ಎಬ್ಬಿಸಿದಾಗ ಯಾವ ಊರು ಇದು ಅಂತ ಕೇಳಿತು, ಅಮ್ಮನಿಗೆ ಹೇಳಬೇಡಿ ಅಂತ ಕೈ ಹಿಡಿದುಕೊಂಡಿತು, ಎಂದ. ಆ ಬಡಪಾಯಿಯನ್ನು ಬೈಯಲು ನನಗೆ ಬಾಯಿ ಬರಲಿಲ್ಲ.

ಭಾನುವಾರ ಕೋತಗಿರಿ ರಸ್ತೆಯಲ್ಲಿ ಬೆಟ್ಟದ ರೇಸು. ಗೆದ್ದರೆ ರಾಜ್ಯದ ತಂಡಕ್ಕೆ ಆರಿಸುತ್ತಾರೆ, ಅವಳು ವರ್ಷವಿಡೀ ಕಾದದ್ದು ಇದಕ್ಕೇ, ಎಲ್ಲ ನನಗೆ ಗೊತ್ತು. ಹತ್ತುವಾಗ ಜೊತೆಗೆ ಜನ ಇರುತ್ತಾರೆ. ರೇಸು ಮುಗಿದ ಮೇಲೆ ಆ ತಿರುವುಗಳಲ್ಲಿ ಅವಳು ಅದೇ ಸೈಕಲ್ಲಿನ ಮೇಲೆ ಇಳಿದು ಬರಬೇಕು. ಸಮತಟ್ಟಾದ ರಸ್ತೆಯಲ್ಲಿ ನಾಯಿ ಇಲ್ಲದೆ ಬಿದ್ದವಳು. ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಏನೂ ಇಲ್ಲ. ಇದನ್ನು ಬಿಡಿಸಿ ಬರೆಯಲು ನನಗೆ ಆಗುವುದಿಲ್ಲ.

ಅದಕ್ಕೆ ನಾನು ಕೇಳುವುದು ಇಷ್ಟು. ಭಾನುವಾರ ಅವಳನ್ನು ಬಿಡಬೇಡಿ. ಪ್ರಭಾಕರನ್‌ಗೆ ಇದ್ದದ್ದು ಇದ್ದ ಹಾಗೆ ಹೇಳಿ, ಮರ್ಯಾದೆಗೆ ಅಂಜಬೇಡಿ, ಅವನು ನಿಮಗಿಂತ ಮೊದಲು ಅವಳನ್ನು ತಡೆಯುತ್ತಾನೆ. ಸೋಮವಾರ ಕೊಯಮತ್ತೂರಿಗೆ ಕರೆದುಕೊಂಡು ಹೋಗಿ ಒಳ್ಳೆಯ ಡಾಕ್ಟರಿಗೆ ತೋರಿಸೋಣ, ನಾನೂ ಬರುತ್ತೇನೆ. ಗೋಡೆಯ ಮೇಲಿನ ಅಂಕೆಗಳನ್ನು ಒದ್ದೆ ಬಟ್ಟೆ ತೆಗೆದುಕೊಂಡು ಒರೆಸಿಬಿಡಿ, ಸೈಕಲ್ಲಿನದನ್ನೂ ಅವಳದನ್ನೂ. ಒಂದನ್ನು ಉಳಿಸಿದರೆ ಇನ್ನೊಂದು ಅದರ ಪಕ್ಕದಲ್ಲಿ ತಾನಾಗಿ ಬಂದು ಕೂರುತ್ತದೆ.

ಬೈಯಬೇಡಿ. ನಿಮ್ಮ ಕೋಪ ನನಗೆ ಗೊತ್ತು, ಮೊದಲು ಸ್ಪ್ಯಾನರು ಎಸೆಯುತ್ತೀರಿ, ಆಮೇಲೆ ಎರಡು ದಿನ ಮಾತು ಬಿಡುತ್ತೀರಿ. ಸ್ಪ್ಯಾನರು ಎಸೆದರೂ ಚಿಂತೆಯಿಲ್ಲ, ಮಾತು ಬಿಡಬೇಡಿ. ಆ ಮೌನವನ್ನು ಅವಳು ತಾಳಲಾರಳು. ಇಷ್ಟೆಲ್ಲ ಮಾಡಿದ್ದೂ ನಿಮ್ಮ ನಗುವಿಗಾಗಿಯೇ. ಸೈಕಲ್ಲಿನಿಂದ ಇಳಿಸುವುದಕ್ಕೆ ಇನ್ನೇನೂ ಉಳಿದಿರಲಿಲ್ಲ, ಹುಡುಗಿ ತನ್ನನ್ನೇ ಇಳಿಸಿದಳು. ಪಕ್ಕದಲ್ಲಿ ಕೂತುಕೊಳ್ಳಿ. ಚಿಕ್ಕವಳಿದ್ದಾಗ ಮಾಡುತ್ತಿದ್ದ ಹಾಗೆ ಮೊಸರನ್ನ ಕಲಸಿ ಕೈಯಲ್ಲಿ ಒಂದು ತುತ್ತು ಕೊಡಿ. ತಿನ್ನದಿದ್ದರೆ ಕೈ ಚಾಚಿಕೊಂಡೇ ಇರಿ. ನಿಮಗೆ ಇವತ್ತು ಅದಕ್ಕಿಂತ ದೊಡ್ಡ ಕೆಲಸ ಇಲ್ಲ.

ಸೈಕಲ್ಲು ಬಿಡಿಸಬೇಕೆಂದು ನಾನು ಹೇಳುತ್ತಿಲ್ಲ. ಮೊದಲ ವರ್ಷ ಅವಳು ಆ ಒಂಬತ್ತು ಕಿಲೋ ಸೈಕಲ್ಲಿನಲ್ಲಿ ಬೆಟ್ಟ ಹತ್ತಿದ್ದನ್ನು ನಾನು ನೋಡಿದ್ದೇನೆ. ವ್ಯಾನಿನಲ್ಲಿ ನಾವಿಬ್ಬರೂ ಹಿಂದೆ ಹೋಗಿದ್ದೆವಲ್ಲ. ತಿರುವಿನಲ್ಲಿ ಎದ್ದು ನಿಂತು ತುಳಿದಳು, ಕಾಲು ನೇಯ್ಗೆಯ ಮೆಟ್ಟು ತುಳಿದ ಹಾಗೆ ಒಂದೇ ಸಮ. ನಮ್ಮ ಅಜ್ಜಿಯ ಕಾಲು ಇವಳಿಗೆ ಬಂದಿದೆ, ಎಂದಿರಿ ನೀವು. ಮೇಲೆ ಹೋಗಿ ಎರಡು ತಟ್ಟೆ ಇಡ್ಲಿ ತಿಂದು ಮೂರನೆಯದು ಕೇಳಿದಳು. ಆ ಸೈಕಲ್ಲು ಭಾರವಾಗಿತ್ತು, ಮಗು ಚೆನ್ನಾಗಿತ್ತು. ನನಗೆ ಆ ಮಗು ಬೇಕು.

ಅತ್ತೆ ಮಂಚದಿಂದಲೇ, ಪಾಪ್ಪಾ ಉಂಡ್ಳಾ ಕೇಳಿ ಬರಿಯಡಿ, ಎನ್ನುತ್ತಿದ್ದಾರೆ. ಕಾಲಿನ ಪ್ಲಾಸ್ಟರು ಇನ್ನೂ ಬಿಚ್ಚಿಲ್ಲ, ಬಹಿರ್ದೆಸೆಗೂ ನಾನು ಹಿಡಿದುಕೊಳ್ಳಬೇಕು. ಅದೊಂದು ಇಲ್ಲದಿದ್ದರೆ ನಿನ್ನೆಯೇ ಬಸ್ಸು ಹತ್ತಿ ಬರುತ್ತಿದ್ದೆ, ಕಾಗದ ಗೀಗದ ಬರೆಯುತ್ತ ಕೂರುತ್ತಿರಲಿಲ್ಲ. ಅವರಿಗೆ ನಾನು ವಿಷಯ ಹೇಳಿಲ್ಲ. ಆದರೂ ನಿನ್ನೆಯಿಂದ ಕಾಫಿ ಬೇಡ ಎನ್ನುತ್ತಿದ್ದಾರೆ. ಮುದುಕರಿಗೆ ಹೇಗೆ ತಿಳಿಯುತ್ತದೋ.

ಜನನಿ, ಇಷ್ಟು ಓದಿದ್ದರೆ ನೀನು ನನ್ನ ಮಗಳು. ಓದದೆ ಬಿಟ್ಟಿದ್ದರೂ ನನ್ನ ಮಗಳೇ.

ಕರುಪ್ಪಸಾಮಿಯ ವ್ಯಾನಿನ ಹಾರ್ನು ಕೇಳಿಸುತ್ತಿದೆ. ನಿಲ್ಲಿಸುತ್ತೇನೆ.

ಇಂತಿ,
ನಿಮ್ಮ ಮೇಲಿನ ಕೋಪ ಇನ್ನೂ ಪೂರ್ತಿ ಇಳಿಯದ, ಆದರೆ ನಿಮ್ಮನ್ನು ಬಿಟ್ಟರೆ ಬೇರೆ ಯಾರಿಗೂ ಇದನ್ನು ಬರೆಯಲಾರದ,
ವಿಜಯಕುಮಾರಿ

ವಿ. ಸೂ.: ಜನನಿ, ಇದು ನಿನಗೊಬ್ಬಳಿಗೆ. ಇದನ್ನು ಅಪ್ಪನಿಗೆ ಓದಬೇಡ.

ಮೇಲೆ ಒಂದು ವಿಷಯ ಬರೆಯಲಿಲ್ಲ, ಅಪ್ಪನ ಕಿವಿಯಲ್ಲಿ ನಿನ್ನ ಬಾಯಿಂದ ಹೇಳಿಸಬಾರದು ಎಂದು. ತಿಂಗಳು ತಿಂಗಳು ಚೀಲದ ತಳದಲ್ಲಿ ನಾನು ಇಡುತ್ತಿದ್ದ ಪೊಟ್ಟಣವನ್ನು, ಇಲ್ಲಿಯೇ ಸಿಗುತ್ತೆ ಬೇಡಮ್ಮಾ ಎಂದು ನೀನು ನಿಲ್ಲಿಸಿದೆ. ಪೊಂಗಲ್‌ಗೆ ಬಂದಾಗ ನಿನ್ನ ಬಟ್ಟೆ ಒಗೆದವಳು ನಾನು. ನೀನು ಹೊರಗಾಗುವುದೇ ನಿಂತುಹೋಗಿದೆ, ಅಲ್ಲವಾ. ರೇಸಿನ ಹುಡುಗಿಯರಿಗೆಲ್ಲ ಹೀಗೇ ಆಗುತ್ತೆ ಎಂದು ಯಾರೋ ನಿನಗೆ ಹೇಳಿರಬಹುದು. ಅದು ಒಳ್ಳೆಯದಕ್ಕಲ್ಲ ಕಂದಾ. ಮೈ ತನ್ನಲ್ಲಿ ಏನೂ ಉಳಿದಿಲ್ಲ ಎಂದು ಹೇಳುವ ರೀತಿ ಅದು. ಡಾಕ್ಟರ ಹತ್ತಿರ ಈ ಮಾತು ನಾನು ಆಡುತ್ತೇನೆ, ನೀನು ನಾಚಬೇಡ.

ನಿನ್ನ ಜಾಕೆಟ್ಟು ಇದೇ ಚೀಲದಲ್ಲಿದೆ. ಜಿಪ್ಪು ಹಾಕಿದ್ದೇನೆ. ಸೊಂಟದ ಅಂಚನ್ನು ಹೊಲಿದಿಲ್ಲ. ಅರ್ಧ ಮಾಡಿದ ಕೆಲಸವನ್ನು ನಾನು ಯಾವತ್ತೂ ಮನೆಯಿಂದ ಹೊರಗೆ ಕಳಿಸಿದವಳಲ್ಲ, ನಿನಗೆ ಗೊತ್ತು. ನೀಲಿ ದಾರ ಪೋಣಿಸಿದ ಸೂಜಿ ಅಲ್ಲೇ ಚುಚ್ಚಿದೆ. ಕಬ್ಬಿಣವೆಲ್ಲ ನನ್ನ ಹತ್ತಿರ ಮಗ್ಗದ ಗುಂಡಿಯಲ್ಲಿ ಇದೆ. ಬಿಸ್ಕತ್ತಿನ ಡಬ್ಬದಲ್ಲಿ ಇನ್ನೂ ಚೈನು ಇದೆ ಎಂಬುದು ನನಗೂ ಗೊತ್ತು, ನಿನಗೂ ಗೊತ್ತು. ಮೇಲಿನದನ್ನು ಓದದೆ ನುಂಗಿ, ಅಮ್ಮ ಚೆನ್ನಾಗಿದ್ದಾಳಂತೆ ಎಂದು ಹೇಳಿಬಿಡಬಹುದು. ಅಪ್ಪನಿಗೆ ತಿಳಿಯುವುದಿಲ್ಲ. ನಾನು ಕಟ್ಟಿ ಹಾಕಲಾರೆ.

ಶನಿವಾರ ಬೆಳಕು ಹರಿಯುವ ಮೊದಲೇ ಚಂದ್ರಾ ಅತ್ತೆ ಇಲ್ಲಿಗೆ ಬರುತ್ತಾಳೆ, ಅಜ್ಜಿಯನ್ನು ನೋಡಿಕೊಳ್ಳಲು. ನಾನು ಮೊದಲ ಬಸ್ಸಿಗೆ ಹೊರಡುತ್ತೇನೆ. ನೀನು ಯಂತ್ರದ ಮೇಲೆ ಕಾಲಿಡುವ ಹೊತ್ತಿಗೆ ಅಲ್ಲಿರುತ್ತೇನೆ. ಅಂಕೆಯನ್ನು ನಾನು ನೋಡುವುದಿಲ್ಲ. ಯಾರಿಗೂ ಏನೂ ಹೇಳುವುದಿಲ್ಲ. ನಿನ್ನ ಸೊಂಟಕ್ಕೆ ಎರಡೂ ಕೈ ಹಾಕಿ ಒಂದು ಸಲ ತಬ್ಬಿಕೊಳ್ಳುತ್ತೇನೆ, ಅಷ್ಟೇ. ನನ್ನ ಕೈಗೆ ಸಿಗುವುದು ನೀನೇ ಆಗಿರಲಿ.